ಅಯ್ಯನವರ ಕೈಗೆ ನನ್ನ ಕಾಲು

ಕೆಲಸ ಆಗಬೇಕಾದರೆ ಯಾರ ಕಾಲನ್ನಾದರೂ ಹಿಡಿಯುವ ಸ್ವಭಾವ ನನ್ನದು. ಕಿರಾಣಿ ಅಂಗಡಿಯವನಿಗೆ ಅದಿಲ್ಲದೆ ನಡೆಯುವುದೂ ಇಲ್ಲ. ಆದರೆ ನನ್ನ ಕಾಲನ್ನು ಇನ್ನೊಬ್ಬರು ಹಿಡಿಯಲು ಬಂದರೆ ಮಾತ್ರ ಮೈಯೆಲ್ಲ ಹಿಡಿಯಾಗುತ್ತದೆ. ಈ ಸಂಕೋಚ ಒಮ್ಮೆ ನನ್ನ ಕಾಲನ್ನೇ ನುಂಗುವುದರಲ್ಲಿತ್ತು.

ನಿಜಾಮರ ಆಡಳಿತ ಮುಗಿದು, ಸುರಪುರದ ನಮ್ಮ ಅಂಗಡಿಯ ಉರ್ದು ಬೋರ್ಡು ತೆಗೆಸಿ ಕನ್ನಡದ್ದು ಹಾಕಿಸಿದ ಹೊಸತು. ಒಂದು ಸಂಜೆ ಮನೆಗೆ ಬಂದರೆ ಹೆಂಡತಿ ಹೊಸ್ತಿಲಲ್ಲೇ ತಡೆದು, ಇನ್ನೊಂದು ಚಪ್ಪಲಿ ಎಲ್ಲಿ ಎಂದು ಕೇಳಿದಳು. ನೋಡುತ್ತೇನೆ, ಎಡಗಾಲು ಬರಿಗಾಲು. ಚಪ್ಪಲಿ ಯಾವ ಓಣಿಯಲ್ಲಿ ಕಳಚಿತೋ ಕಾಲಿಗೇ ಗೊತ್ತಿಲ್ಲ. ಸಕ್ಕರೆ ಕಾಯಿಲೆ ನನಗೆ ಹಳೆಯದು, ಇದು ಹೊಸದು. ಮರುದಿನವೇ ಅವಳು ನನ್ನನ್ನು ಶಹಾಪುರದ ದವಾಖಾನೆಗೆ ಎಳೆದೊಯ್ದಳು.

ಅಲ್ಲಿನ ಡಾಕ್ಟರು ನಮ್ಮ ಮನೆತನದ ಗುರುಗಳಾದ ಅಯ್ಯನವರ ಮಗ. ಅವರು ಹುಡುಗರಿದ್ದಾಗಿನಿಂದ ಶ್ರಾವಣ ಬಂದರೆ ಅವರ ಪಾದ ತೊಳೆದು ಪೂಜೆ ಮಾಡಿದವರು ನಾವು. ಅವರು ನನ್ನ ರಕ್ತ ತೆಗೆದು ಗಾಜಿನ ನಳಿಗೆಯಲ್ಲಿ ನಿಲ್ಲಿಸಿಟ್ಟರು. ಸ್ವಲ್ಪ ಹೊತ್ತಿಗೆ ಮೇಲೆ ಹಾಲಿನಂಥ ಬಿಳುಪು ನಿಂತಿತು. ರಕ್ತದಲ್ಲಿ ಕೊಬ್ಬು ಏರಿದೆ, ಸಕ್ಕರೆಯ ಜೊತೆ ಸೇರಿ ರಕ್ತನಾಳಗಳನ್ನು ಕೆಡಿಸುತ್ತಿದೆ, ಕಾಲಿಗೆ ರಕ್ತ ಸರಿಯಾಗಿ ಇಳಿಯುತ್ತಿಲ್ಲ ಎಂದರು. ನಮ್ಮ ಎಮ್ಮೆಯ ಕೆನೆ ಇಲ್ಲಿಯವರೆಗೂ ಬಂತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಪಾದದ ನಾಡಿ ನೋಡಬೇಕು, ಕಾಲು ಚಾಚಿ ಎಂದಾಗ ಹೆಮ್ಮೆ ಇಳಿಯಿತು. ಧೋತರದೊಳಗೆ ಕಾಲು ಮಡಚಿಕೊಂಡೆ. ಪಾದೋದಕ ಕೊಟ್ಟವರ ಕೈಯಲ್ಲಿ ನನ್ನ ಕಾಲಿಡುವುದೇ? ಹೋದರೆ ಕಾಲು ಹೋಗಲಿ ಎಂದೆ.

“ಇವತ್ತ ನನ್ನ ಕೈಯಾಗ ಕೊಡ್ರಿ ಸಾವಕಾರ್ರ,” ಎಂದರು ಅವರು. “ಇಲ್ಲಂದ್ರ ನಾಳಿ ಹೈದರಾಬಾದಿನಾಗ ಕೊಯ್ಯಾವರ ಕೈಯಾಗ ಕೊಡಬೇಕಾಗ್ತದ.”

ಕಣ್ಣು ಮುಚ್ಚಿಕೊಂಡು ಶಿವನಾಮ ಹೇಳಿಕೊಳ್ಳಿ, ಪಾಪ ಬಂದರೆ ನನಗಿರಲಿ ಎಂದಳು ಹೆಂಡತಿ. ಹಾಗೇ ಮಾಡಿದೆ. ಹಲ್ಲು ಕಚ್ಚಿ ಕಾದೆ, ಕಾದೆ. ಕೊನೆಗೆ ತಾಳ್ಮೆ ತಪ್ಪಿತು.

“ಅಯ್ಯನವರ, ಹಿಡಿಯೂದಿದ್ರ ಲಗೂ ಹಿಡೀರಿ. ಎಷ್ಟೊತ್ತು ಕಾಯಿಸ್ತೀರಿ?”

“ಆಗಲಿಂದ ಹಿಡಕೊಂಡೇ ಕುಂತೀನ್ರಿ.”

ಕಣ್ಣು ತೆರೆದೆ. ನನ್ನ ಪಾದ ಅವರ ಅಂಗೈಯಲ್ಲಿತ್ತು. ಅಷ್ಟು ದಿನ ಪಾಪಕ್ಕೆ ಹೆದರಿದ್ದ ನಾನು ಮೊದಲ ಸಲ ಕಾಲಿಗೆ ಹೆದರಿದೆ. ಅವರು ತಲೆ ತಗ್ಗಿಸಿ ನಾಡಿ ಹುಡುಕಿದರು. ಬಹಳ ಹೊತ್ತಿನ ಮೇಲೆ, “ಸಣ್ಣಗ ಬಡಿಯಾಕತ್ತದ್ರಿ. ತುಪ್ಪ ಬಿಟ್ರ ಕಾಲು ಉಳೀತದ,” ಎಂದರು. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅದೇ ಸಂಜೆ ನನ್ನ ತುಪ್ಪದ ಗಡಿಗೆ ನೆರೆಮನೆ ಸೇರಿತು.

ಶ್ರಾವಣದಲ್ಲಿ ಅವರು ಪೂಜೆಗೆ ಬಂದರು. ಪಾದ ತೊಳೆಯುತ್ತಿದ್ದ ನನ್ನ ಬೆರಳುಗಳು ತಾವಾಗಿಯೇ ನಾಡಿ ಹುಡುಕತೊಡಗಿದವು. ಅವರು ನಗುತ್ತ ಕಾಲು ಹಿಂದಕ್ಕೆಳೆದುಕೊಂಡು, ಕಚಗುಳಿಯಾಗುತ್ತದೆ ಎಂದರು. ಆಮೇಲೆ ಊಟದಲ್ಲಿ ಅವರ ಹೋಳಿಗೆಯ ಮೇಲೆ ತುಪ್ಪ ಸುರಿಯುವಾಗ ನನಗೆ ಹೊಟ್ಟೆಕಿಚ್ಚೇ ಆಗಲಿಲ್ಲ. ಅದನ್ನೆಲ್ಲ ನನ್ನ ಕಾಲು ಮರೆತೇಬಿಟ್ಟಿದ್ದ ಆ ಕಚಗುಳಿಯ ಮೇಲೆಯೇ ಪಟ್ಟು ಮುಗಿಸಿದ್ದೆ.