ದೇಸಾಯಿಯ ನಯವಾದ ಗೆರೆ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಯೋಗ್ಯತೆ ಬೇಕು ಎಂದು ನಂಬಿದವನು ನಾನು. ಪಕ್ಕದವರ ಕಾರು, ಭಾವಮೈದುನನ ಸೈಟು ಕಂಡು ಉರಿಯುವುದು ಎಲ್ಲರಿಂದಲೂ ಆಗುತ್ತದೆ. ನಾನು ಉರಿಯುವುದು ಕಂಪ್ಯೂಟರಿನ ಪರದೆಯ ಮೇಲಿನ ಒಂದು ಗೆರೆ ಕಂಡು.

ಅಹಮದಾಬಾದಿನ ಸಂಶೋಧನಾ ಕಚೇರಿಯೊಂದರಲ್ಲಿ ಕಂಪ್ಯೂಟರಿನಿಂದ ಹವಾಮಾನದ ಲೆಕ್ಕ ಹಾಕಿಸುವುದು ನನ್ನ ಕೆಲಸ. ಅಳೆದು ತಂದ ಗಾಳಿ, ಒತ್ತಡಗಳ ಅಂಕಿಗಳನ್ನು ಅದಕ್ಕೆ ಉಣಿಸುತ್ತೇವೆ. ಅವು ಒಂದಕ್ಕೊಂದು ಹೊಂದದಿದ್ದರೆ, ತುಂಬಿದ ಬಕೆಟ್ಟನ್ನು ದಡಕ್ಕನೆ ಇಟ್ಟಾಗ ನೀರು ಓಲಾಡುವಂತೆ ಇಡೀ ಲೆಕ್ಕ ಓಲಾಡುತ್ತದೆ. ಇದಕ್ಕೆ ಗುರುತ್ವ ಅಲೆಗಳ ಗದ್ದಲ ಎನ್ನುತ್ತೇವೆ. ವಡೋದರದ ಮೇಲೆ ಒತ್ತಡ ಏರಿತು, ಇಳಿಯಿತು, ಮತ್ತೆ ಏರಿತು ಎಂದು ಪರದೆ ಬೊಬ್ಬೆ ಹೊಡೆಯುವಾಗ ಅಲ್ಲಿನ ಜನ ನೆಮ್ಮದಿಯಾಗಿ ಫಾಫ್ಡಾ ತಿನ್ನುತ್ತಿರುತ್ತಾರೆ. ಕೆಲವು ಗಂಟೆಗಳಲ್ಲಿ ಗದ್ದಲ ತಾನಾಗಿಯೇ ಅಡಗುತ್ತದೆ. ಅಲ್ಲಿಯವರೆಗೆ ಬಂದದ್ದನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒತ್ತಡದ ಏರಿಳಿತ ತೋರಿಸುವ ನನ್ನ ಗೆರೆ ಹೀಗೆ ಕುಣಿಯುತ್ತದೆ. ಹೋದ ವರ್ಷ ಸೂರತ್ತಿನಿಂದ ಬಂದು ಸೇರಿದ ದೇಸಾಯಿಯ ಗೆರೆ ಮಾತ್ರ ಶುರುವಿನಿಂದಲೇ ಇಸ್ತ್ರಿ ಮಾಡಿದ ಹಾಗಿರುತ್ತದೆ. ಗದ್ದಲವನ್ನು ಸೋಸುವ ಉಪಾಯವೊಂದನ್ನು ಅವನು ಸೇರಿಸಿದ್ದಾನೆ. ಅತಿಯಾಗಿ ಸೋಸಿದರೆ ನಿಜವಾದ ಮಳೆಯೂ ಹೋಗಿಬಿಡುತ್ತದೆ ಎಂದು ಮೀಟಿಂಗಿನಲ್ಲಿ ಕುಟುಕಿದೆ. "ಹಾಂ ಸರ್, ಸಹೀ ಬಾತ್" ಎಂದು ಒಪ್ಪಿಕೊಂಡು ನಕ್ಕ. ಆ ವಿನಯ ಇನ್ನಷ್ಟು ಉರಿಸಿತು. ಸಾಲದ್ದಕ್ಕೆ ಅವನಿರುವುದೂ ನಮ್ಮ ಹೌಸಿಂಗ್ ಸೊಸೈಟಿಯಲ್ಲೇ. ಹಪ್ಪಳ ಒಣಹಾಕುವ ಮುಂಚೆ ನನ್ನನ್ನು ಕೇಳುತ್ತಿದ್ದ ಹೆಂಗಸರು ಈಗ ಅವನನ್ನು ಕೇಳುತ್ತಾರೆ. ಮನೆಗೆ ಬಂದು ಅವನನ್ನು ಬೈಯತೊಡಗಿದರೆ ನನ್ನ ಹೆಂಡತಿ ಸುಮಾ, "ಮೊದ್ಲು ಕಾಫಿ ಕುಡೀರಿ. ಶುರುವಿನ ಒಂದು ಗಂಟೆ ನೀವು ಹೇಳೋದನ್ನ ನಾನು ಲೆಕ್ಕಕ್ಕೆ ಹಿಡಿಯಲ್ಲ" ಎನ್ನುತ್ತಾಳೆ. ಈ ಕಾನೂನು ಅವಳಿಗೆ ನಾನೇ ಕಲಿಸಿದ್ದು.

ನವರಾತ್ರಿಯಲ್ಲಿ ಮಗಳು ಮೊದಲ ಸಲ ಸೊಸೈಟಿಯ ಗರಬಾದ ಮುಂದಿನ ಸಾಲಿನಲ್ಲಿ ಕುಣಿಯುವವಳಿದ್ದಳು. ನನ್ನ ಲೆಕ್ಕ ಮಳೆ ಎಂದಿತು, ದೇಸಾಯಿಯದು ಇಲ್ಲ ಎಂದಿತು. ಸೊಸೈಟಿಯವರು ಅವನನ್ನು ನಂಬಿ ಶಾಮಿಯಾನ ಬೇಡವೆಂದರು. ನಾನು ಛತ್ರಿ ಹಿಡಿದು ಹೋಗಿ ನಿಂತೆ. ಮಗಳು ತೊಟ್ಟ ಚನಿಯಾ ಚೋಳಿಯ ಕನ್ನಡಿಗಳು ಮಿನುಗುತ್ತಿದ್ದರೆ ನಾನು ಆಕಾಶ ನೋಡುತ್ತ, ನಾಲ್ಕು ಹನಿಯಾದರೂ ಬೀಳಲಿ ದೇವರೇ ಎಂದು ಬೇಡಿಕೊಳ್ಳುತ್ತಿದ್ದೆ. ಒಂದೂ ಬೀಳಲಿಲ್ಲ. ಜನ ದೇಸಾಯಿಯ ಕೈ ಕುಲುಕಿದರು. ಅವನು ನೇರ ನನ್ನ ಬಳಿ ಬಂದು, "ಸರ್, ಬಿಟಿಯಾ ಬಹುತ್ ಅಚ್ಛಾ ನಾಚೀ" ಎಂದು ಮಗಳ ಕುಣಿತವನ್ನು ಹೊಗಳಿ ಹೋದ.

ಬೆವರೊರೆಸಿಕೊಳ್ಳುತ್ತ ಬಂದ ಮಗಳು ನನ್ನ ಮುಖ ನೋಡಿದಳು. "ಮಮ್ಮಿ, ಮಳೆ ಬರ್ಲಿಲ್ಲ ಅಂತ ಪಪ್ಪಾ ಸ್ಯಾಡ್ ಇದಾರೆ."

ಹಾಗೇನಿಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಸುಮಾ ನನ್ನ ಕೈಯಿಂದ ಛತ್ರಿ ತೆಗೆದುಕೊಂಡಳು. "ಈಗ ಏನೂ ಕೇಳಬೇಡ ಪುಟ್ಟಿ. ದೇಸಾಯಿಯವರು ಪಪ್ಪಾನ್ನ ಮಾತಾಡಿಸಿ ಇನ್ನೂ ಒಂದು ಗಂಟೆ ಆಗಿಲ್ಲ."