ಲಿಫ್ಟಿನ ಲಾಕ್ ಬದಲಿಸಲು ಹೋದಲ್ಲೆಲ್ಲ

ನಾನು ಸುಮ್ಮನೆ ದಾರಿ ಬದಿಯಲ್ಲಿ ನಿಂತರೂ ಸಾಕು, ಯಾರದ್ದಾದರೂ ಫಜೀತಿ ನನ್ನನ್ನು ಹುಡುಕಿಕೊಂಡು ಬಂದು ಪಕ್ಕದಲ್ಲಿ ನಿಲ್ಲುತ್ತದೆ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವ ನಾನು. ಬೊಂಬಾಯಿ ಹೋಟೆಲು, ಬೋರ್‌ವೆಲ್ ಲಾರಿ, ರಬ್ಬರ್ ಟ್ಯಾಪಿಂಗ್, ಎಲ್ಲ ಕಡೆ ಸ್ವಲ್ಪ ಸ್ವಲ್ಪ ದಿನ ಇದ್ದೆ. ಒಂದೇ ಕಡೆ ಕೂತರೆ ನನಗೆ ಅಂಗಾಲು ತುರಿಸುತ್ತದೆ. ಹಾಗಾಗಿ ಪುತ್ತೂರಿನ ಮೆಕ್ಯಾನಿಕ್ ಒಬ್ಬರು "ವ್ಯಾನ್ ಬಿಡ್ತೀಯಾ? ಮೂರು ತಾಲೂಕು ಸುತ್ತುದು" ಎಂದಾಗ ಸಂಬಳ ಕೂಡ ಕೇಳದೆ ಹತ್ತಿದೆ.

ಈ ಮೆಕ್ಯಾನಿಕ್ ಗಲ್ಫಿನಲ್ಲಿ ಲಿಫ್ಟ್ ರಿಪೇರಿ ಮಾಡಿ ಬಂದ ಬ್ಯಾರಿ. ಎಲ್ಲರಿಗೂ ಅವರು ಕಾಕ, ಅಂದರೆ ಚಿಕ್ಕಪ್ಪ. ಕೆಲಸ ಇದು: ಕೆಲವು ಶಾಲಾ ಬಸ್ಸುಗಳಲ್ಲಿ ವೀಲ್‌ಚೇರ್ ಸಮೇತ ಮಕ್ಕಳನ್ನು ಎತ್ತುವ ಲಿಫ್ಟ್ ಉಂಟಲ್ಲ, ಅದರ ತಟ್ಟೆಯ ಅಂಚಿನಲ್ಲಿ ಕುರ್ಚಿ ಜಾರದ ಹಾಗೆ ಒಂದು ತಡೆಪಟ್ಟಿ ಇರುತ್ತದೆ. ಆ ಪಟ್ಟಿಯ ಲಾಕ್ ಕೈಕೊಡಬಹುದು, ಬದಲಿಸುವ ತನಕ ಲಿಫ್ಟ್ ಮುಟ್ಟಬೇಡಿ ಎಂದು ಅದನ್ನು ಮಾಡಿದ ಕಂಪೆನಿಯೇ ಹೇಳಿತು. ಲಿಫ್ಟಿಗೆಲ್ಲ ಕೆಂಪು ಸ್ಟಿಕ್ಕರ್ ಬಿತ್ತು. ಬದಲಿಸುವ ಗುತ್ತಿಗೆ ಕಾಕನಿಗೆ, ಸ್ಟಿಕ್ಕರಿನಲ್ಲಿ ಅವರದ್ದೇ ನಂಬರ್.

ಹೊರಟ ದಿನವೇ ಆ ನಂಬರಿಗೆ ಗುತ್ತಿಗಾರಿನಿಂದ ಫೋನ್ ಬಂತು. ಒಂಬತ್ತನೇ ಕ್ಲಾಸಿನ ಹುಡುಗಿ.

"ಅಂಕಲ್, ನಮ್ಮ ಶಾಲೆಗೆ ಯಾವಾಗ ಬರುದು? ಶನಿವಾರ ಶಾಲಾ ನಾಯಕನ ಚುನಾವಣೆ. ನಾನು ನಿಂತಿದ್ದೇನೆ."

"ಲಿಫ್ಟಿಗೂ ಚುನಾವಣೆಗೂ ಎಂತ ಸಂಬಂಧ ಮಗಳೇ?"

"ಡ್ರೈವರ್ ಮಾಮ ನನ್ನನ್ನು ಮೂಟೆಯ ಹಾಗೆ ಎತ್ತಿ ಬಸ್ಸಿಗೆ ಹಾಕ್ತಾರೆ. ಅದು ನನಗಾಗುದಿಲ್ಲ. ಮನೆಯಲ್ಲೇ ಇದ್ದೇನೆ. ದಿನಾ ಬರಲಿಕ್ಕಾಗದವಳು ನಾಯಕಿ ಆಗುದು ಹೇಗೆ, ಶನಿವಾರದೊಳಗೆ ಲಿಫ್ಟ್ ಸರಿಯಾಗದಿದ್ದರೆ ಹೆಸರು ತೆಗೀತೇನೆ ಅಂತ ಹೆಡ್ಮಾಸ್ಟರ್ ಹೇಳಿದ್ದಾರೆ."

ಕಂಪೆನಿ ಕೊಟ್ಟ ಸರದಿಯಲ್ಲಿ ಗುತ್ತಿಗಾರು ಕೊನೆಯದ್ದು. "ಬರ್ತೇವೆ" ಎಂದರು ಕಾಕ. ಹೇಳುವುದು ಸುಲಭ.

ಪುತ್ತೂರಿನ ಟ್ಯೂಬು

ಪುತ್ತೂರಿನ ಬಸ್ ಡ್ರೈವರ್ ನಮ್ಮನ್ನು ನೋಡಿ ನಕ್ಕ. "ಕಂಪೆನಿಯವರು ಈಗ ಬರುದಾ? ನಾನು ಆಗಲೇ ಸರಿ ಮಾಡಿ ಆಯ್ತು!"

ನೋಡಿದರೆ ತಡೆಪಟ್ಟಿಯನ್ನು ಲಾರಿ ಟ್ಯೂಬಿನ ಸೀಳುಗಳಿಂದ ಬಿಗಿದಿದ್ದ. ನಮ್ಮೂರಿನಲ್ಲಿ ಟ್ಯೂಬಿನಿಂದ ಸರಿಯಾಗದ ವಸ್ತು ಇಲ್ಲ. ಪಂಪಿನ ಪೈಪು, ಮುರಿದ ಕೊಡೆ, ಗೇಟು, ಎಲ್ಲಕ್ಕೂ ಅದೇ ಮದ್ದು. ಆದರೆ ಇವನ ಕಟ್ಟು ಸಾಮಾನ್ಯದ್ದಲ್ಲ. ಗಂಟಿನ ಮೇಲೆ ಗಂಟು, ಅದರ ಮೇಲೆ ಅಂಟು.

"ಪಟ್ಟಿ ಬಿಚ್ಚುದು ಹೇಗೆ ಮಾರಾಯ?" ಎಂದರು ಕಾಕ.

"ಬಿಚ್ಚಲಿಕ್ಕೆ ಎಂತಕ್ಕೆ ಕಟ್ಟುದು ಕಾಕ?"

ಹೊಸ ಲಾಕ್ ಕೂರಿಸಲು ಒಂದು ಚಾ ಕುಡಿಯುವಷ್ಟು ಹೊತ್ತು ಸಾಕಾಯಿತು. ಟ್ಯೂಬ್ ಬಿಚ್ಚುವಾಗ ಮಧ್ಯಾಹ್ನದ ಊಟವೂ ಆಯಿತು, ಸಂಜೆಯ ಚಾವೂ ಆಯಿತು. ಹೊರಡುವಾಗ ಅವನು ಕಿಟಕಿಯಿಂದ ಒಂದು ಟ್ಯೂಬ್ ಒಳಗೆ ಹಾಕಿದ. "ಇಟ್ಟುಕೊಳ್ಳಿ. ನಿಮ್ಮ ಲಾಕ್ ಹಾಳಾದರೆ ಬೇಕಾಗ್ತದೆ."

ಪಂಜದ ಅಜ್ಜಿ

ಕಡಬದ ಒಂದು ಶಾಲೆಯ ಬಸ್ಸು ಪಂಜದಲ್ಲಿ, ವೀಲ್‌ಚೇರಿನ ಹುಡುಗನೊಬ್ಬನ ಮನೆಯಂಗಳದಲ್ಲೇ ನಿಲ್ಲುತ್ತದೆ. ನಾವು ಹೋದಾಗ ಅವನ ಅಜ್ಜಿ ಲಿಫ್ಟಿನ ತಟ್ಟೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿ ಕೂತು ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದರು.

ಕಾಕ ಅವರ ಕಾಲಬುಡದಲ್ಲೇ ಮಲಗಿ ಲಾಕ್ ಬದಲಿಸಿದರು. "ಅಜ್ಜಿ, ಇನ್ನು ಇಳೀರಿ. ಭಾರ ಹಾಕಿ ಪರೀಕ್ಷೆ ಮಾಡ್ಲಿಕ್ಕುಂಟು."

"ಮಾಡು. ನಾನು ಮತ್ತೆ ಕೂತದ್ದು ಎಂತಕ್ಕೆ? ಮಗು ಹತ್ತುವ ಮೊದಲು ನಾನು ಹತ್ತುದು. ಬಿದ್ದರೆ ನಾನು ಬೀಳ್ತೇನೆ."

ಕಾಕ ಆ ಮನೆಯದ್ದೇ ಅಕ್ಕಿ ಮೂಟೆ ಇಟ್ಟು ಮೊದಲೊಮ್ಮೆ ನೋಡಿ, ಆಮೇಲೆ ಅಜ್ಜಿಯನ್ನು ಕೂರಿಸಿ ಸ್ವಿಚ್ ಒತ್ತಿದರು. ಅಜ್ಜಿ ಮೇಲೆ ಮೇಲೆ ಹೋದರು. ಕಣ್ಣು ಮುಚ್ಚಿ ಕೈ ಮುಗಿದಿದ್ದರು. ತುದಿ ಮುಟ್ಟಿದಾಗ ಕಣ್ಣು ಬಿಟ್ಟು ಪಕ್ಕದ ಮನೆಯ ಕಂಪೌಂಡಿನ ಆಚೆ ನೋಡಿದರು. ಮುಖ ಕೆಂಪಾಯಿತು.

"ಹೆದರಿದ್ರಾ ಅಜ್ಜಿ?" ಎಂದು ಕೂಗಿದೆ.

"ಹೆದರುದು ನಾನಲ್ಲ ಮಾರಾಯ, ಆಚೆಮನೆಯವಳು! ಮುಂಗುಸಿ ಕಚ್ಚಿಕೊಂಡು ಹೋಯ್ತು ಅಂದಳಲ್ಲ, ನನ್ನ ಕೆಂಪು ಕೋಳಿ ಅವಳ ಬುಟ್ಟಿ ಅಡಿಯಲ್ಲಿ ಉಂಟು!"

ಐವರ್ನಾಡಿನ ಹೊಸ ಸೇರ್ಪಡೆ

ಶುಕ್ರವಾರ ಐವರ್ನಾಡು. ಬೆಳಿಗ್ಗೆಯೇ ಗುತ್ತಿಗಾರಿನ ಫೋನ್. "ಎಲ್ಲಿ ಮುಟ್ಟಿದ್ರಿ ಅಂಕಲ್? ನಾಳೆ ಶನಿವಾರ."

ಇಲ್ಲಿನ ಬಸ್ಸು ಹತ್ತುವಾಗಲೇ ರಬ್ಬರ್ ಶೀಟಿನ ವಾಸನೆ ಮೂಗಿಗೆ ಹೊಡೆಯಿತು. ಲಿಫ್ಟಿನ ತಟ್ಟೆಯಲ್ಲಿ ಒಣಹುಲ್ಲು, ಮೂಲೆಯಲ್ಲಿ ಒಂದು ಗೊರಸಿನ ಗುರುತು. ಸ್ಟಿಕ್ಕರ್ ಅಂಟಿಸಿದ ಮೇಲೆ ಲಿಫ್ಟ್ ಓಡಿಸಿದ್ದರೆ ಕಾಕ ಕಂಪೆನಿಗೆ ಬರೆದು ಕಳಿಸಬೇಕು.

"ಇದರಲ್ಲಿ ಎಂತೆಲ್ಲ ಹತ್ತಿಸ್ತೀರಿ?" ಎಂದು ಕೇಳಿದರು.

ಡ್ರೈವರ್ ಎದೆ ಮುಟ್ಟಿಕೊಂಡ. "ಶಾಲೆಯ ಮಕ್ಕಳನ್ನು ಬಿಟ್ಟು ಒಂದು ನರಪಿಳ್ಳೆಯನ್ನೂ ಹತ್ತಿಸಿದ್ದಿಲ್ಲ."

ಅಷ್ಟರಲ್ಲಿ ಗೇಟಿನಿಂದ ಒಬ್ಬರು ಕರುವನ್ನು ಎಳೆದುಕೊಂಡು ಬಂದು ನೇರ ಲಿಫ್ಟಿನ ಎದುರು ನಿಲ್ಲಿಸಿದರು. "ಓ ಡ್ರೈವರೇ, ಇವತ್ತು ನಮ್ಮ ಸರದಿ ಅಲ್ವಾ?"

ಕಾಕ ಕರುವನ್ನು ನೋಡಿದರು. ಕರು ಕಾಕನನ್ನು ನೋಡಿತು. ಡ್ರೈವರ್ ಮುಖದ ಒಂದು ಗೆರೆಯೂ ಕದಲಲಿಲ್ಲ.

"ಇದು ಹೊಸ ಎಡ್ಮಿಷನ್," ಎಂದ.

ಗುತ್ತಿಗಾರಿನ ತೂಕ

ಶನಿವಾರ ಬೆಳಿಗ್ಗೆ ಗುತ್ತಿಗಾರಿನ ಶಾಲೆಯ ಗೇಟಿನಲ್ಲಿ ಫೋನಿನ ಹುಡುಗಿಯೇ ನಿಂತಿದ್ದಳು. ಅಂದರೆ ಕೂತಿದ್ದಳು. ಅಪ್ಪ ಆ ದಿನದ ಬಾಡಿಗೆ ಬಿಟ್ಟು, ಹಲಗೆ ಇಟ್ಟು ವೀಲ್‌ಚೇರನ್ನು ತನ್ನ ಗೂಡ್ಸ್ ಆಟೋಗೆ ಉರುಳಿಸಿ, ಹಗ್ಗ ಕಟ್ಟಿ ತಂದಿದ್ದರು. "ದಿನಾ ಹೀಗೆ ಆಗುದಿಲ್ಲ ಕಾಕ," ಎಂದರು. ಹೆಡ್ಮಾಸ್ಟರ್ ಗಡಿಯಾರ ನೋಡುತ್ತಿದ್ದರು. "ಮತದಾನದ ಬೆಲ್ ಆಗುವ ಮೊದಲು ಲಿಫ್ಟ್ ಪಾಸಾಗಬೇಕು."

ಕಾಕ ಬೇಗ ಬೇಗ ಲಾಕ್ ಹಾಕಿದರು. ಇನ್ನು ಭಾರ ಬೇಕು. ಅಕ್ಕಿ ಮೂಟೆ ತರಲು ಪೇಟೆಗೆ ಹೋಗಿ ಬರುವಷ್ಟರಲ್ಲಿ ಬೆಲ್ ಆಗುತ್ತದೆ.

"ಮೂಟೆ ಎಂತಕ್ಕೆ? ನಾವಿಲ್ವಾ?" ಎಂದು ಹೆಡ್ಮಾಸ್ಟರೇ ಹತ್ತಿದರು. "ನನ್ನದು ಹೆಚ್ಚೆಂದರೆ ಅರುವತ್ತು ಕಿಲೋ."

ಪಿ.ಟಿ. ಮಾಸ್ಟ್ರು ಹೊಟ್ಟೆ ಒಳಗೆಳೆದುಕೊಂಡು "ಎಪ್ಪತ್ತು" ಎಂದರು. ಶಾಲಾ ಸಮಿತಿಯ ಅಧ್ಯಕ್ಷರು ಮುಂಡು ಎತ್ತಿ ಕಟ್ಟಿ, "ನಾನು ಐವತ್ತೆಂಟು. ಮದುವೆಯ ಸಮಯ ತೂಗಿದ್ದು."

"ಮದುವೆ ಯಾವಾಗ ಆದ್ದು ಸರ್?"

"ಈಗ ಮಗನಿಗೂ ಆಯ್ತು."

ಕಾಕ ಬೆರಳಲ್ಲಿ ಲೆಕ್ಕ ಹಾಕಿ "ಸಾಕಾಗುದಿಲ್ಲ" ಎಂದು ನನ್ನನ್ನೂ ಹತ್ತಿಸಿದರು. ಶಾಲೆ ಬಿಟ್ಟ ಮೇಲೆ ಒಬ್ಬ ಹೆಡ್ಮಾಸ್ಟರಿಗೆ ಅಷ್ಟು ಅಂಟಿ ನಿಂತದ್ದು ಅದೇ ಮೊದಲು. ಕಾಕ ಸ್ವಿಚ್ಚನ್ನು ಹುಡುಗಿಯ ಕೈಗೆ ಕೊಟ್ಟರು. "ನಿನ್ನ ಲಿಫ್ಟು. ನೀನೇ ಒತ್ತು."

ಲಿಫ್ಟ್ ನರಳುತ್ತಾ ಎದೆಮಟ್ಟಕ್ಕೆ ಏರಿ, ಕುಂಯ್ ಕುಂಯ್ ಎಂದು ನಿಂತಿತು. ಅಧ್ಯಕ್ಷರು ಗಾಬರಿಯಲ್ಲಿ ತಡೆಪಟ್ಟಿಗೇ ಒರಗಿದರು. ಹೊಸ ಲಾಕ್ ಒಂದು ಕೂದಲೆಳೆಯಷ್ಟೂ ಅಲುಗಲಿಲ್ಲ.

"ಭಾರ ಹೆಚ್ಚಾದರೆ ಅದೇ ನಿಲ್ತದೆ," ಎಂದರು ಕಾಕ ಸಮಾಧಾನದಲ್ಲಿ. "ಇಳಿಸ್ಲಿಕ್ಕೆ ಹ್ಯಾಂಡಲ್ ಬೇಕು. ವ್ಯಾನಿನಲ್ಲಿ ಎಲ್ಲೋ ಉಂಟು." ಅವರು ಅಷ್ಟು ನಿಧಾನ ನಡೆದದ್ದನ್ನು ನಾನು ಅದರ ಮೊದಲು ಕಂಡಿರಲಿಲ್ಲ.

ಪಿ.ಟಿ. ಮಾಸ್ಟ್ರು ಗಾಳಿಯಲ್ಲಿದ್ದಾರೆ ಎಂದು ಇಡೀ ಶಾಲೆ ಓಡಿ ಬಂತು. ಹುಡುಗಿ ಸ್ವಿಚ್ಚನ್ನು ಮಡಿಲಲ್ಲಿಟ್ಟು ಗಂಟಲು ಸರಿ ಮಾಡಿಕೊಂಡಳು.

"ಸರ್, ನಿನ್ನೆ ಎಲ್ಲರೂ ಭಾಷಣ ಮಾಡಿದ್ದಾರೆ. ನಾನು ಇರಲಿಲ್ಲ. ಈಗ ಮಾಡ್ಬಹುದಾ?"

"ಈಗ ಸಮಯ ಇಲ್ಲ ಮಗು."

"ಅಲ್ಲಿ ನಿಮಗೆ ಎಂತ ಕೆಲಸ ಉಂಟು ಸರ್?"

ಅಂಗಳವೆಲ್ಲ ನಗು. ಹೆಡ್ಮಾಸ್ಟರೂ ಮೀಸೆಯಡಿಯಲ್ಲಿ ನಕ್ಕದ್ದು ನನಗೆ ಮಾತ್ರ ಕಂಡಿತು.

"ಸ್ವಿಚ್ ಬೇರೆಯವರ ಕೈಯಲ್ಲಿದ್ದರೆ ಹೇಗಾಗ್ತದೆ ಅಂತ ಮೇಲಿರುವವರಿಗೆ ಈಗ ಗೊತ್ತಾಗಿರಬಹುದು," ಎಂದಳು. ನಗು ನಿಂತಿತು. "ನಾನು ಗೆದ್ದರೆ ಲೈಬ್ರರಿಗೂ ಊಟದ ಹಾಲಿಗೂ ರ‍್ಯಾಂಪ್ ಕೇಳ್ತೇನೆ. ನನಗೆ ಮಾತ್ರ ಅಲ್ಲ. ಸಾರಿನ ಪಾತ್ರೆ ಹೊತ್ತು ಮೆಟ್ಟಿಲು ಹತ್ತುವ ಅಕ್ಕನಿಗೂ ಆಯ್ತು."

"ಮಾಡಿಸುವ, ಎರಡೂ ಮಾಡಿಸುವ!" ಎಂದು ಅಧ್ಯಕ್ಷರು ಮೇಲಿಂದ ಕೂಗಿದರು. "ಮೊದಲು ಇಳಿಸು ಮಾರಾಯ್ತಿ!"

"ಎಲ್ಲರೂ ಕೇಳಿದ್ರಲ್ಲ?"

"ಕೇಳಿದೆವು!" ಎಂದಿತು ಇಡೀ ಶಾಲೆ. ಆಗ ಕಾಕನಿಗೆ ಹ್ಯಾಂಡಲ್ ಸಿಕ್ಕಿತು.

ಬೆಲ್ ಆಯಿತು, ಮತದಾನ ಆಯಿತು. ವಾರವಿಡೀ ಚಾಕಲೇಟು ಹಂಚಿದ ಎದುರಾಳಿಯೂ ತನ್ನ ಓಟು ಅವಳಿಗೇ ಹಾಕಿದ್ದಾಗಿ ತಾನೇ ಹೇಳಿಕೊಂಡ. ಶಾಲೆ ಬಿಟ್ಟಾಗ ನಾಯಕಿಯ ಬ್ಯಾಡ್ಜ್ ಹಾಕಿಕೊಂಡು, ಯಾರ ಕೈಯೂ ತಾಗದೆ, ಅವಳು ತನ್ನ ಕುರ್ಚಿಯಲ್ಲೇ ಲಿಫ್ಟಿಗೆ ಬಂದಳು. ಸ್ವಿಚ್ ಒತ್ತಿದಳು. ಬೆಣ್ಣೆಯ ಹಾಗೆ ಏರಿತು. ಅವಳಪ್ಪ ಆಟೋದ ಹಿಂದೆ ಹೋಗಿ ಮುಖ ಒರಸಿಕೊಂಡರು.

ಹೆಡ್ಮಾಸ್ಟರ್ ಸಹಿ ಹಾಕಲು ಪೆನ್ ಹಿಡಿದು ಕಾಕನನ್ನು ಕೇಳಿದರು, "ಹಾಗಾದರೆ ಪಾಸಾಯ್ತಲ್ಲ?"

ಕಾಕ ಬಾಯಿ ತೆರೆಯುವ ಮೊದಲೇ ಮೇಲಿಂದ ಉತ್ತರ ಬಂತು.

"ಲಿಫ್ಟ್ ಪಾಸ್ ಸರ್. ತೂಕ ಹೇಳಿದ ನೀವು ಮೂವರು ಫೇಲ್."