ಅಧ್ಯಕ್ಷರ ಹೆಸರು ತೆಗೆಯತಕ್ಕದ್ದಲ್ಲ

ಪುಟ್ಟರಾಜು ಊರ ಗುಡಿಗೆ ಒಂದು ಸೀಲಿಂಗ್ ಫ್ಯಾನು ದಾನ ಕೊಟ್ಟು, ಅದರ ಮೂರು ರೆಕ್ಕೆಗೂ ಕೆಂಪು ಬಣ್ಣದಲ್ಲಿ ತನ್ನ ಹೆಸರು ಬರೆಸಿದ್ದ. ಫ್ಯಾನು ತಿರುಗುವಾಗ ಹೆಸರು ಕಾಣುತ್ತಿರಲಿಲ್ಲ. ಕರೆಂಟು ಹೋಗಿ ಫ್ಯಾನು ನಿಂತರೆ ಜನ ಸೆಕೆ ತಾಳದೆ ಎದ್ದು ಹೊರಗೆ ಹೋಗುತ್ತಿದ್ದರು. ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ನಾಡಿಗೆಲ್ಲ ಕರೆಂಟು ಕೊಟ್ಟು ರಿಟೈರಾದ ಮನುಷ್ಯ, ಈಗ ಗುಡಿಯ ಕಂಬಕ್ಕೆ ಒರಗಿ ಕೂತು, ತಾಯೀ ಕರೆಂಟು ತೆಗಿ ಎಂದು ಬೇಡಿಕೊಳ್ಳುವ ಹಾಗಾಯಿತು.

ಪುಟ್ಟರಾಜುವಿನ ಧರ್ಮದ ಟ್ರಸ್ಟ್ ಹುಟ್ಟಿದ್ದು ಈ ಸಂಕಟದಲ್ಲಿ. ಒಬ್ಬರೇ ಇದ್ದರೆ ಆಗುವುದಿಲ್ಲ, ಧರ್ಮದರ್ಶಿಗಳ ಮಂಡಳಿ ಬೇಕು ಎಂದರು ಮಳವಳ್ಳಿಯ ವಕೀಲರು. ಹೊರಗಿನವರನ್ನು ಸೇರಿಸಿಕೊಂಡರೆ ಪ್ರಶ್ನೆ ಕೇಳುತ್ತಾರೆ. ಆದ್ದರಿಂದ ಪುಟ್ಟರಾಜು ತಾನು ಅಧ್ಯಕ್ಷನಾಗಿ, ಹೆಂಡತಿ ಸಾಕಮ್ಮನನ್ನೂ ತಾಯಿ ಚಿಕ್ಕಬೋರಮ್ಮನನ್ನೂ ಧರ್ಮದರ್ಶಿಗಳನ್ನಾಗಿ ಮಾಡಿದ. (ಇವರಿಬ್ಬರೂ ಪ್ರಶ್ನೆ ಕೇಳುವುದಿಲ್ಲ ಎಂದು ಅವನಿಗೆ ಯಾಕೆ ಅನ್ನಿಸಿತೋ, ಇಷ್ಟು ವರ್ಷ ಅದೇ ಮನೆಯಲ್ಲಿ ಉಂಡವನಿಗೆ.) ಮೊದಲ ಸಭೆಯಲ್ಲೇ ನಿಯಮವೊಂದು ಪಾಸಾಯಿತು: ಟ್ರಸ್ಟ್ ಏನನ್ನೇ ಕಟ್ಟಿಸಿದರೂ ಅದರ ನೆತ್ತಿಯ ಮೇಲೆ ಅಧ್ಯಕ್ಷರ ಹೆಸರೂ ಭಾವಚಿತ್ರವೂ ದೂರಕ್ಕೆ ಕಾಣುವಂತೆ ಇರತಕ್ಕದ್ದು, ಮೂವರೂ ಒಪ್ಪದ ಹೊರತು ತೆಗೆಯತಕ್ಕದ್ದಲ್ಲ. ಮುಂದೆಂದಾದರೂ ಅತ್ತೆ ಸೊಸೆ ಒಂದಾದರೆ ಎಂಬ ದೂರದೃಷ್ಟಿ ಅಧ್ಯಕ್ಷರದು. ಇಬ್ಬರೂ ಅವರೆಕಾಯಿ ಸುಲಿಯುತ್ತಲೇ ಹೂಂ ಅಂದರು.

ಎರಡನೆಯ ಸಭೆಯಲ್ಲಿ ಅಧ್ಯಕ್ಷರು ಕನಸು ಬಿಚ್ಚಿದರು. ಹಲಗೂರಿನಾಚೆ ಹುಟ್ಟೂರಿನ ಬಸ್ ಸ್ಟಾಪಿನಲ್ಲಿ ಒಂದು ಸ್ವಾಗತ ಕಮಾನು. ಬಸ್ಸಿನ ಕಿಟಕಿಯಿಂದಲೇ ಪುಟ್ಟರಾಜು ಎಂಬ ಹೆಸರು ಜಗತ್ತಿಗೆ ಕಾಣಬೇಕು.

"ಕಮಾನ್ ಕೆಳುಗ್ ನಿಂತ್ಕಂಡ್ರೆ ಏನ್ ಬತ್ತದೆ?" ಸಾಕಮ್ಮ ಕೇಳಿದಳು.

"ಗೌರವ ಬತ್ತದೆ ಕಣೇ."

"ಅಲ್ಲಿ ಬಸ್ಸಿಗ್ ಕಾಯೋ ಎಂಗಸ್ರಿಗೆ ಗೌರವ ಬ್ಯಾಡ್ವಾ? ಪಕ್ದಲ್ಲೇ ನಮ್ ಜಾಗ ಅದೆ. ಎಂಗಸ್ರಿಗೆ ಒಂದ್ ಕಕ್ಕಸ್ ಕಟ್ಸಿ."

"ಧರ್ಮದ್ ದುಡ್ನಲ್ಲಿ ಕಕ್ಕಸಾ?"

"ನಿಮ್ಗೇನು, ಬೇಲಿ ಕಂಡ್ರೆ ಬೇಲಿ, ಮರ ಕಂಡ್ರೆ ಮರ. ನಾವೆಲ್ಲಿಗ್ ಓಗನ?"

ಪುಟ್ಟರಾಜು ತಾಯಿಯ ಕಡೆ ತಿರುಗಿದ. "ಅವ್ವಾ, ನೀನ್ ಏಳು. ಕಮಾನು ತಾನೆ?"

ಚಿಕ್ಕಬೋರಮ್ಮ ಅವರೆಕಾಯಿ ಮೊರವನ್ನು ಪಕ್ಕಕ್ಕಿಟ್ಟಳು. "ಬಸ್ಸಿಗ್ ಓಗೋ ದಿನ ಬೆಳುಗ್ಗೆಯಿಂದ ಬಾಯಿಗ್ ನೀರ್ ಬುಡಲ್ಲ ಕಣ್ಲಾ ನಾನು. ನೀನ್ ಒಟ್ಟೇಲಿದ್ದಾಗ್ಲೂ ಅಂಗೇ ಓಗ್ಬಂದಿವ್ನಿ. ನನ್ ಓಟು ಕಕ್ಕಸ್ಗೆ."

ಪುಟ್ಟರಾಜುವಿಗೆ ನಿಜವಾಗಿ ನಾಚಿಕೆಯಾಯಿತು. ಒಂದೇ ಗಳಿಗೆ. ಆಮೇಲೆ ಎದ್ದು ನಿಂತ. "ಶಿವಪುರದ ಸತ್ಯಾಗ್ರಹದಲ್ಲಿ ಬಾವುಟ ಆರ್ಸಿದೋರು ಪೋಲೀಸರ್ಗೆ ಬಗ್ಗಿದ್ರಾ? ನಾನೂ ಬಗ್ಗಲ್ಲ."

"ಅವ್ರು ಬಾವುಟಕ್ಕೆ ನಿಂತ್ರು. ನೀವ್ ನಿಮ್ ಪಟಕ್ಕೆ ನಿಂತಿದ್ದೀರ," ಅಂದಳು ಸಾಕಮ್ಮ.

ಅಧ್ಯಕ್ಷರ ಮಾತೇ ಅಂತಿಮ ಎಂದು ಅವನು ಗುಡುಗಿದ. ಹಾಗಂತ ಎಲ್ಲಿ ಬರೆದಿದೆ ಎಂದಳು ಸಾಕಮ್ಮ. ಹೆಸರಿನ ಬಗ್ಗೆ ಅಷ್ಟುದ್ದ ಬರೆಸಿದವನು ಮಾತಿನ ಬಗ್ಗೆ ಬರೆಸುವುದನ್ನು ಮರೆತಿದ್ದ. ಅಧ್ಯಕ್ಷರು ಸಭಾತ್ಯಾಗ ಮಾಡಿ ಜಗಲಿಯ ಮೇಲೆ ಕೂತರು. ಬಸ್ಸಾರಿನ ಘಮ ಬಂದಾಗ ಸಭೆಗೆ ಮರಳಿದರು. ಕಮಾನು ಬರುವ ವರ್ಷಕ್ಕೆ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಶೌಚಾಲಯ ಎದ್ದು ನಿಂತಿತು. ಒಂದು ದಿನ ಪೇಂಟರು ಫೋನು ಮಾಡಿ, "ಸಾರ್, ನಿಮ್ ಪಟ ಕಳ್ಸಿ. ನೆತ್ತಿ ಮೇಲ್ ಬರೀಬೇಕಂತೆ, ಅಮ್ನೋರ್ ಏಳವ್ರೆ" ಎಂದ.

ಪುಟ್ಟರಾಜುವಿನ ಕೈಯಲ್ಲಿದ್ದ ರಾಗಿಮುದ್ದೆ ತಟ್ಟೆಗೆ ಬಿತ್ತು. ತುರ್ತುಸಭೆ ಕರೆದ. ದಾನ ಮಾಡಿದವನು ಹೆಸರು ಬಯಸಬಾರದು, ಹೆಸರು ನಶ್ವರ ಎಂದು ಕಣ್ಣಲ್ಲಿ ನೀರು ಬರುವಂತೆ ಭಾಷಣ ಮಾಡಿದ. ಸಾಕಮ್ಮನಿಗೆ ಅಯ್ಯೋ ಅನ್ನಿಸಿ ಕೈ ಎತ್ತಿದಳು. ಪುಟ್ಟರಾಜು ಎರಡೂ ಕೈ ಎತ್ತಿದ. ಇನ್ನು ಒಂದೇ ಕೈ ಬಾಕಿ.

"ನಾನ್ ಒಪ್ಪಲ್ಲ," ಅಂದಳು ಚಿಕ್ಕಬೋರಮ್ಮ. "ನನ್ ಮಗ ಕಟ್ಸಿರೋದು. ಅವನ್ ಎಸ್ರು ಇರ್ಬೇಕು. ಮೂವರೂ ಒಪ್ದೆ ತೆಗ್ಯಂಗಿಲ್ಲ ಅಂತ ನೀನೇ ಅಂದಿದ್ದೆ ಕಣ್ಲಾ."

ಹೀಗೆ ಮೈಸೂರು ಪೇಟ ಸುತ್ತಿಕೊಂಡು ನಗುತ್ತಿರುವ ಪುಟ್ಟರಾಜು, 'ಹೆಂಗಸರಿಗೆ ಮಾತ್ರ' ಎಂಬ ಬರಹದ ಮೇಲೆ ವಿರಾಜಮಾನನಾದ.

ಮುಂದಿನ ತಿಂಗಳು ಮೂವರೂ ಹುಟ್ಟೂರಿಗೆ ಹೊರಟರು. ಚಿಕ್ಕಬೋರಮ್ಮ ಆ ಬೆಳಿಗ್ಗೆ ಮೊದಲ ಸಲ ಹೊಟ್ಟೆ ತುಂಬ ಮಜ್ಜಿಗೆ ಕುಡಿದು ಬಸ್ಸು ಹತ್ತಿದ್ದಳು. ಸ್ಟಾಪು ಬಂದಾಗ ಕಂಡಕ್ಟರು ಕೂಗಿದ: "ಪುಟ್ಟರಾಜಪ್ಪೋರ್ ತಾವ್ ಓಗ್ಬರೋರು ಬಿರ್ನೆ ಓಗ್ಬನ್ನಿ. ಬಸ್ಸು ನಿಂತಿರ್ತದೆ."

ಚಿಕ್ಕಬೋರಮ್ಮನ ಜತೆ ಮುಂದಿನ ಊರುಗಳಿಗೆ ಹೋಗುವ ಹೆಂಗಸರೆಲ್ಲ ಇಳಿದರು. ಇಳಿಯಬೇಕಾದ ಪುಟ್ಟರಾಜು ಮಾತ್ರ ಮುಖದ ಮೇಲೆ ಟವೆಲು ಹಾಕಿಕೊಂಡು ನಿದ್ದೆ ನಟಿಸಿದ. ಸಾಕಮ್ಮ ಎಬ್ಬಿಸಲು ನೋಡಿ ಸೋತಳು. ಅಷ್ಟರಲ್ಲಿ ಚಿಕ್ಕಬೋರಮ್ಮ ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ಹತ್ತಿ ಬಂದು ಟವೆಲು ಎಳೆದಳು.

"ಇವ್ನೇ ಕಣಪ್ಪ ಆ ಪಟದಲ್ಲಿರೋನು. ನಾನ್ ಎತ್ತ ಮಗ."

ಇಡೀ ಬಸ್ಸು ತಿರುಗಿ ನೋಡಿತು. ಹಣ್ಣಿನ ಬುಟ್ಟಿಯ ಮುದುಕಿಯೊಬ್ಬಳು ಕೈ ಮುಗಿದಳು. ಪುಟ್ಟರಾಜು ಟವೆಲು ಹೆಗಲಿಗೆ ಹಾಕಿ ಎದೆ ಸೆಟೆಸಿದ. ಆದದ್ದಾಗಲಿ, ಬರುವ ವರ್ಷ ಕಮಾನು ಕಟ್ಟಿಸಿಯೇ ತೀರುತ್ತೇನೆ ಎಂದು ಮನಸ್ಸಿನಲ್ಲೇ ಹಲ್ಲು ಕಚ್ಚಿದ.

"ಸಾರ್," ಕಂಡಕ್ಟರು ವಿನಯದಿಂದ ಕೇಳಿದ, "ಗಂಡಸ್ರಿಗೊಂದು ಯಾವಾಗ ಕಟ್ಸೀರಿ?"

ಅಧ್ಯಕ್ಷರು ಬಾಯಿ ತೆರೆಯುವಷ್ಟರಲ್ಲಿ ಅತ್ತೆಯೂ ಸೊಸೆಯೂ ಒಟ್ಟಿಗೆ ಕೈ ಎತ್ತಿದರು.